ಟಾಂಗಾ ಅಡ್ಡಾದಲ್ಲಿ ಬಸ್ಸು ತಿರುಗುವ ಜಾಗ

ತೆಲಂಗಾಣದಲ್ಲಿ ಹೆಂಗಸರಿಗೆ ಹಳ್ಳಿ ಬಸ್ಸಿನ ಪ್ರಯಾಣ ಉಚಿತವಾಗಿ ಕೆಲವೇ ತಿಂಗಳಾಗಿತ್ತು. ಆ ವರ್ಷ, ಅಂದರೆ 2024ರಲ್ಲಿ, ನಾನು ಗಡಿ ಭಾಗದ ಒಂದು ಸಣ್ಣ ಪುರಸಭೆಯಲ್ಲಿ ಟೌನ್ ಪ್ಲಾನಿಂಗ್ ಸೂಪರ್‌ವೈಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಅಷ್ಟು ದೊಡ್ಡದಲ್ಲ. ಮನೆ ಕಟ್ಟುವವರು ತಂದುಕೊಡುವ ನಕ್ಷೆಗಳನ್ನು ನೋಡುವುದು, ರಸ್ತೆಗೆ ಚಾಚಿಕೊಂಡ ಮೆಟ್ಟಿಲುಗಳನ್ನು ಅಳೆಯುವುದು, ಕೌನ್ಸಿಲ್ ಸಭೆಗೆ ಬೇಕಾದ ನಕ್ಷೆ ಮತ್ತು ವರದಿ ತಯಾರಿಸುವುದು. ಜಹೀರಾಬಾದಿನಲ್ಲಿ ಟ್ರೇಸರ್ ಆಗಿ, ಅಂದರೆ ದೊಡ್ಡವರು ಬರೆದ ನಕ್ಷೆಯ ಮೇಲೆ ತೆಳು ಕಾಗದವಿಟ್ಟು ಮಸಿಯಲ್ಲಿ ತಿದ್ದುವವನಾಗಿ, ನೌಕರಿ ಶುರು ಮಾಡಿದವನು ನಾನು. ಆಮೇಲೆ ತಾಂಡೂರು, ನಾರಾಯಣಖೇಡ ಎಲ್ಲ ಸುತ್ತಿದೆ. ಈ ಘಟನೆ ನಡೆದ ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಅಲ್ಲಿನವರು ಓದಿದರೆ ಅವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಅದರ ಅಗತ್ಯವಿಲ್ಲ. ನಿವೃತ್ತಿಗೆ ಆಗ ಏಳೆಂಟು ತಿಂಗಳು ಬಾಕಿಯಿತ್ತು.

ಆ ಊರಿನ ನಟ್ಟನಡುವೆ, ಬಟ್ಟೆ ಅಂಗಡಿಗಳ ಬೀದಿ ಮುಗಿಯುವಲ್ಲಿ, ಸರ್ಕಾರಿ ಆಸ್ಪತ್ರೆಯ ಗೇಟಿಗೆ ಎದುರಾಗಿ ಒಂದು ಬಯಲಿದೆ. ನೆಲಕ್ಕೆ ಹಳೆಯ ಫರ್ಸಿ ಕಲ್ಲು ಹಾಸಿದೆ. ಜನ ಅದನ್ನು ಟಾಂಗಾ ಅಡ್ಡಾ ಎನ್ನುತ್ತಾರೆ. ನಾನು ಆ ಊರಿಗೆ ಹೋಗುವ ಹೊತ್ತಿಗೆ ಟಾಂಗಾವೂ ಇರಲಿಲ್ಲ, ಕುದುರೆಯೂ ಇರಲಿಲ್ಲ, ಕುದುರೆ ನೀರು ಕುಡಿಯುತ್ತಿದ್ದ ಕಲ್ಲಿನ ತೊಟ್ಟಿಯೊಂದು ಮೂಲೆಯಲ್ಲಿ ಉಳಿದಿತ್ತು. ಬಸ್ ನಿಲ್ದಾಣ ಬೈಪಾಸ್ ರಸ್ತೆಗೆ ಹೋಗಿ ವರ್ಷಗಳಾಗಿದ್ದವು. ಆದರೂ ಗಡಿಯ ಹಳ್ಳಿಗಳಿಂದ ಬರುವ ಒಂದು ಬಸ್ಸು ಮಾತ್ರ ಹಳೆಯ ಅಭ್ಯಾಸ ಬಿಡದೆ ದಿನಕ್ಕೆ ನಾಲ್ಕು ಸಲ ಅಡ್ಡಾದೊಳಗೆ ಬರುತ್ತಿತ್ತು. ಒಂದು ದೊಡ್ಡ ಸುತ್ತು ಹಾಕಿ, ಮೂತಿಯನ್ನು ಬೀದಿಯ ಕಡೆ ಮಾಡಿ, ಹತ್ತು ನಿಮಿಷ ನಿಂತು ಹೊರಡುತ್ತಿತ್ತು. ಆ ಹತ್ತು ನಿಮಿಷದಲ್ಲಿ ಅಡ್ಡಾಕ್ಕೆ ಜೀವ ಬರುತ್ತಿತ್ತು. ಹಸಿ ಕಡಲೆಗಿಡದ ಕಟ್ಟು, ಕೋಳಿ ಬುಟ್ಟಿ, ಕಂಬಳಿ ಗಂಟು, ಕನ್ನಡ, ತೆಲುಗು, ದಖನಿ ಉರ್ದು ಮೂರೂ ಒಂದೇ ಬಾಗಿಲಿನಿಂದ ಇಳಿಯುತ್ತಿದ್ದವು. ನಮ್ಮ ಕಚೇರಿಯ ಕಿಟಕಿಯಿಂದ ಆ ಬಯಲು ಕಾಣುತ್ತಿತ್ತು. ಮಧ್ಯಾಹ್ನದ ಬಸ್ಸು ಬಂತೆಂದರೆ ನಾವು ಊಟದ ಡಬ್ಬಿ ಬಿಚ್ಚುತ್ತಿದ್ದೆವು.

ನನ್ನ ಜೊತೆಗಿದ್ದವರು ಖಾಜಾಮಿಯಾ. ಹುದ್ದೆಯಿಂದ ಚೈನ್‌ಮನ್. ಹಿಂದೆ ಜಮೀನು ಅಳೆಯುವ ಸರಪಳಿಯ ಇನ್ನೊಂದು ತುದಿಯನ್ನು ಹಿಡಿಯುವವರಿಗೆ ಆ ಹೆಸರು. ಸರಪಳಿ ಹೋಗಿ ಟೇಪು ಬಂತು, ಹೆಸರು ಬದಲಾಗಲಿಲ್ಲ. ನನಗಿಂತ ಒಂದು ವರ್ಷ ಚಿಕ್ಕವರು. ಹದಿನಾರು ವರ್ಷ ಅವರು ಒಂದು ತುದಿ, ನಾನು ಒಂದು ತುದಿ. ಟೇಪು ಸ್ವಲ್ಪ ಸಡಿಲವಾದರೂ ನಾನು ಬೈಯುತ್ತಿದ್ದೆ, ಅವರು "ಹಾಂ ಸಾಬ್" ಎಂದು ಬಿಗಿ ಮಾಡುತ್ತಿದ್ದರು. ಈಗ ಮನೆಯಲ್ಲಿ ಕೂತು ನೌಕರಿಯ ದಿನಗಳನ್ನು ನೆನೆಸಿಕೊಂಡರೆ ಮೊದಲು ಕಣ್ಣಿಗೆ ಬರುವುದು ಬಿಸಿಲಿನಲ್ಲಿ ದೂರದಲ್ಲಿ ಕುಕ್ಕುರುಗಾಲಲ್ಲಿ ಕೂತು ಟೇಪಿನ ಸೊನ್ನೆಯನ್ನು ಗೋಡೆಗೆ ಒತ್ತಿ ಹಿಡಿದ ಆ ಮನುಷ್ಯ.

ಬಟ್ಟೆ ಬೀದಿಯಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಅದು ನಿಜವಾದ ತೊಂದರೆಯೇ. ಮದುವೆಯ ದಿನಗಳಲ್ಲಿ ಆಂಬುಲೆನ್ಸ್ ಕೂಡ ಸಿಕ್ಕಿಹಾಕಿಕೊಳ್ಳುತ್ತಿತ್ತು. ಆ ವಾರ್ಡಿನ ಸದಸ್ಯ ನಾಗಶೆಟ್ಟಿ ಸಾವುಕಾರರದು ಬೀದಿಯ ದೊಡ್ಡ ಬಟ್ಟೆ ಅಂಗಡಿ. ಅವರು ಅಡ್ಡಾದಲ್ಲಿ ಕಾರು ಪಾರ್ಕಿಂಗ್ ಆಗಬೇಕೆಂದು ವರ್ಷಗಳಿಂದ ಕೇಳುತ್ತಿದ್ದರು. ಒಂದು ದಿನ ನನ್ನ ಮೇಜಿನ ಮುಂದೆ ಕೂತು ಹೇಳಿದರು:

"ಶರಣಪ್ಪನವ್ರ, ಕಾರ್ ನಿಂದರಸಾಕ ಜಾಗಾ ಇಲ್ಲಂತ ಗಿರಾಕಿ ಬೀದರಿಗಿ ಹೋಗಲತ್ತಾರ. ನಮ್ಮ ಊರಿನ ಯಾಪಾರ ನಮ್ಮ ಊರಾಗ ಇರಬೇಕೋ ಬ್ಯಾಡೋ, ನೀವೇ ಹೇಳ್ರಿ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಇನ್ನೊಂದು ಕಡೆ, ಅಡ್ಡಾದಲ್ಲಿ ಬಸ್ಸಿಗೆ ಕಾಯುವವರಿಗೆ ನೆರಳು ಕಟ್ಟಬೇಕು, ಬಸ್ಸು ಬರುವ ರಸ್ತೆಯ ತಿರುವನ್ನು ಅಗಲ ಮಾಡಬೇಕು ಎಂಬ ಪ್ರಸ್ತಾವವೂ ಹಳೆಯ ಫೈಲಿನಲ್ಲಿತ್ತು. ಪುರಸಭೆಯ ಸಾಮಾನ್ಯ ನಿಧಿಯಲ್ಲಿ ಆ ವರ್ಷ ಉಳಿದದ್ದು ಎರಡರಲ್ಲಿ ಒಂದಕ್ಕೆ ಮಾತ್ರ ಸಾಕಾಗುವಷ್ಟು. ಪಾರ್ಕಿಂಗ್ ಬೇಕೋ, ಬಸ್ ನೆರಳು ಬೇಕೋ ಎಂದು ಕೌನ್ಸಿಲ್ ತೀರ್ಮಾನಿಸಬೇಕಿತ್ತು. ಅದಕ್ಕೆ ನನ್ನ ವರದಿ ಬೇಕಿತ್ತು.

ನಾನು ಮತ್ತು ಖಾಜಾಮಿಯಾ ಒಂದು ಭಾನುವಾರ ಬೆಳಿಗ್ಗೆ ಅಡ್ಡಾ ಅಳೆದೆವು. ಉದ್ದ ನಲವತ್ತಾರು ಮೀಟರ್, ಅಗಲ ಇಪ್ಪತ್ತೊಂಬತ್ತು. ಎರಡೂ ಬದಿಯ ಗೋಡೆಗೆ ಹಿಂಬದಿ ಮಾಡಿ ಕಾರು ನಿಲ್ಲಿಸಿದರೆ ಒಂದು ಸಾಲಿಗೆ ಐದು ಮೀಟರ್ ಬೇಕು. ಹಾಗೆ ಮೂವತ್ತೆರಡು ಕಾರುಗಳಿಗೆ ಜಾಗ ಬಂತು. ನಡುವೆ ಹತ್ತೊಂಬತ್ತು ಮೀಟರ್ ಉಳಿಯಿತು. ಮೂರು ದಿನ ಕೂತು ವಾಹನ ಎಣಿಸಿದೆ. ಕಾರು, ಆಟೋ, ಮೋಟಾರ್ ಸೈಕಲ್, ಬಸ್ಸು, ಪ್ರತಿಯೊಂದಕ್ಕೂ ಒಂದೊಂದು ಗೆರೆ. ಅರವತ್ತು ಎಪ್ಪತ್ತು ಜನರನ್ನು ತುಂಬಿಕೊಂಡು ಬಂದ ಬಸ್ಸಿಗೂ ಒಂದೇ ಗೆರೆ, ಒಬ್ಬರೇ ಇಳಿದ ಕಾರಿಗೂ ಒಂದೇ ಗೆರೆ. ಹಾಗೇ ಎಣಿಸಬೇಕೆಂದು ನಾನು ಕಲಿತದ್ದು.

ವರದಿಯ ಕೊನೆಗೆ ಬಸ್ಸಿನ ವಿಷಯ ಬರೆಯಬೇಕಾಯಿತು. ಹೊಸ ಬಸ್ ನಿಲ್ದಾಣ ಕಟ್ಟಿದಾಗಿನ ಹಳೆಯ ಫೈಲೊಂದರಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ಅದನ್ನೇ ಎತ್ತಿ ಬರೆದೆ: "ಬಸ್ಸುಗಳಿಗೆ ಬೈಪಾಸ್ ರಸ್ತೆಯಲ್ಲಿ ಸೂಕ್ತ ಪರ್ಯಾಯ ವ್ಯವಸ್ಥೆ ಇದೆ." ಬರೆಯಲು ಅರ್ಧ ನಿಮಿಷ ಹಿಡಿದಿರಬಹುದು. ಆ ಅರ್ಧ ನಿಮಿಷದಲ್ಲಿ ನಾನು ಬೈಪಾಸನ್ನು ನೆನೆಸಿಕೊಳ್ಳಲೂ ಇಲ್ಲ.

ಸಭೆಯಲ್ಲಿ ಒಬ್ಬ ಹಿರಿಯ ಸದಸ್ಯರು ಬಸ್ಸಿನವರ ಗತಿ ಏನೆಂದು ಕೇಳಿದರು. ಅಧ್ಯಕ್ಷೆ ಸುಲೋಚನಾ ಅವರು ನನ್ನ ವರದಿ ತಿರುವಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿದರು. ಪ್ರಶ್ನೆ ಕೇಳಿದವರು ತಲೆಯಾಡಿಸಿ ಕೂತರು. ಪಾರ್ಕಿಂಗ್ ಪಾಸಾಯಿತು, ಬಸ್ ನೆರಳಿನ ವಿಷಯವನ್ನು "ಅಗತ್ಯವಿಲ್ಲದ ಕಾರಣ" ಕೈಬಿಡಲಾಯಿತು. ಬಸ್ಸನ್ನು ಇನ್ನು ಬೈಪಾಸಿನಲ್ಲೇ ನಿಲ್ಲಿಸಿ ಎಂದು ಡಿಪೋಗೆ ಪತ್ರ ಹೋಯಿತು. ಜೂನ್ ಮೊದಲ ವಾರದ ಮಿರಗದ ಮಳೆ ಶುರುವಾಗುವ ಮೊದಲೇ ಅಡ್ಡಾದಲ್ಲಿ ಬಿಳಿ ಗೆರೆಗಳು ಬಿದ್ದವು. ನಾಗಶೆಟ್ಟಿಯವರು ಎಲ್ಲರಿಗೂ ಪೇಡಾ ಹಂಚಿದರು. ನಾನೂ ತಿಂದೆ. ಗೆರೆಗಳು ಒಂದು ಕೂದಲಿನಷ್ಟೂ ಸೊಟ್ಟ ಇರಲಿಲ್ಲ. ನೌಕರಿ ಮುಗಿಯುವ ಮುಂಚೆ ಒಂದು ಒಳ್ಳೆಯ ಕೆಲಸವಾಯಿತು ಎಂದುಕೊಂಡೆ.

ಸುಮಾರು ಒಂದು ತಿಂಗಳಾದ ಮೇಲೆ, ಸೋಮವಾರದ ಅಹವಾಲು ದಿನ, ಐವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು ನನ್ನ ಮೇಜಿನ ಹತ್ತಿರ ಬಂದಳು. ಕೈಯಲ್ಲಿ ಅರ್ಜಿ ಇರಲಿಲ್ಲ. ಬಸ್ಸಿನ ಉಚಿತ ಟಿಕೆಟ್ಟಿಗೆ ತೋರಿಸುವ ಆಧಾರ್ ಕಾರ್ಡನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದಳು.

"ನೀವು ಕನ್ನಡ ಮಾತಾಡ್ತೀರಂತ ಬಾಗಲಾಗಿನ ಸಿಪಾಯಿ ಹೇಳ್ದ. ಅದಕ್ಕ ನಿಮ್ಮ ಕಡಿ ಬಂದೆ," ಎಂದಳು.

ಹೆಸರು ಚಂದಮ್ಮ. ಗಡಿಯ ಹಳ್ಳಿಯವಳು. ಮನೆಯಲ್ಲಿ ಕುರಿ ಸಾಕುತ್ತಾರೆ. ಗಂಡ ಮಾಳಪ್ಪನಿಗೆ ಎರಡೂ ಮೂತ್ರಪಿಂಡ ಕೆಟ್ಟು ವರ್ಷದ ಮೇಲಾಗಿದೆ. ವಾರಕ್ಕೆ ಮೂರು ದಿನ ಅಡ್ಡಾದ ಎದುರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್, ಅಂದರೆ ಯಂತ್ರದಿಂದ ರಕ್ತ ಶುದ್ಧಿ ಮಾಡುವ ಚಿಕಿತ್ಸೆ. ಒಂದು ಸಲಕ್ಕೆ ನಾಲ್ಕು ಗಂಟೆ.

"ಅಡ್ಡಾಕ್ಕ ಬಸ್ ಬರವಲ್ದು ರೀ ಸಾಹೇಬ್ರ. ರಗತ ತೊಳದ ಮ್ಯಾಲ ನಮ್ಮವ್ರ ಕಾಲಾಗ ಸತ್ವ ಇರಲ್ಲ. ಮೊದಲ ದವಾಖಾನಿ ಬಾಗಲ ದಾಟಿದ್ರ ಬಸ್. ಈಗ ಬೈಪಾಸ್ ತನಕ ನಡೀಬೇಕು. ಮೊನ್ನಿ ರಸ್ತಾದ ನಡುವ ಕುಂತೇ ಬಿಟ್ರು. ಹಿಂದಿಂದ ಲಾರಿ ಬರಲತ್ತಿತ್ತು. ನಾ ಒಬ್ಬಾಕಿ ಎಳದು ಬಾಜೂಕ ತಂದೆ."

ನಾನು ಕಚೇರಿಯ ಮಾತನ್ನೇ ಆಡಿದೆ. "ಕೌನ್ಸಿಲ್ ತೀರ್ಮಾನ ಆಗ್ಯದ ಯವ್ವಾ."

"ಕೌನ್ಸಿಲ್ ಅಂದ್ರ ಯಾರ್ರಿ? ಹೆಸರು ಹೇಳ್ರಿ. ಹೋಗಿ ಕೇಳ್ತೀನಿ."

ಹೆಸರು ಹೇಳುವ ಬದಲು ನಾನು ಒಂದು ಕಾಗದದಲ್ಲಿ ಅವಳ ಹೆಸರು, ಊರು ಬರೆದುಕೊಂಡು, ನೋಡುತ್ತೇವೆ ಎಂದು ಕಳಿಸಿದೆ. ಅವಳು ಹೋದ ಮೇಲೆ ಊಟದ ಡಬ್ಬಿ ಬಿಚ್ಚಿದೆ. ಒಂದು ರೊಟ್ಟಿ ಮುರಿದು, ಮತ್ತೆ ಮುಚ್ಚಿಟ್ಟೆ. ನಾಳೆಗೆ ಅಳತೆಯ ಚಕ್ರ ತೆಗೆದಿಡಿ ಎಂದು ಖಾಜಾಮಿಯಾಗೆ ಹೇಳಿದೆ.

ಮರುದಿನ ಮಂಗಳವಾರ, ಮಾಳಪ್ಪನ ಡಯಾಲಿಸಿಸ್ ದಿನ. ನಾವಿಬ್ಬರೂ ಅಳತೆಯ ಚಕ್ರ ತೆಗೆದುಕೊಂಡು ಆಸ್ಪತ್ರೆಯ ಗೇಟಿಗೆ ಹೋದೆವು. ಕೋಲಿಗೆ ಚಕ್ರ ಕಟ್ಟಿದಂಥ ಸಲಕರಣೆ ಅದು. ತಳ್ಳಿಕೊಂಡು ನಡೆದರೆ ಎಷ್ಟು ದೂರವಾಯಿತೆಂದು ತೋರಿಸುತ್ತದೆ. ಒಂದೂವರೆಗೆ ಚಂದಮ್ಮ ಗಂಡನ ತೋಳು ಹಿಡಿದು ಹೊರಗೆ ಬಂದಳು. ಮಾಳಪ್ಪ ಎತ್ತರದ ಆಳು, ಈಗ ಬರೀ ಮೂಳೆ. ಮೊಣಕೈಯಲ್ಲಿ ಹತ್ತಿಯ ಪಟ್ಟಿ, ಹೆಗಲ ಮೇಲೆ ಕಂಬಳಿ. ನಾನು ಪುರಸಭೆಯವನು, ನಿಮ್ಮ ಜೊತೆ ಬೈಪಾಸ್ ತನಕ ನಡೆಯುತ್ತೇನೆ ಎಂದಾಗ ಅವನಿಗೆ ನಗು ಬಂತು.

"ಬರ್ರಿ. ಕುರಿ ಹಿಂದ ಬೀದರ್, ಉದಗೀರ್ ತನಕ ನಡದೀನ್ರಿ ನಾ. ಈಗ ನೋಡ್ರಿ, ಬಸ್ ತನಕ ನಡ್ಯಾಕ ಆಗವಲ್ದು."

ಆಟೋದಲ್ಲಿ ಯಾಕೆ ಹೋಗುವುದಿಲ್ಲ ಎಂದು ಕೇಳಿದೆ. ಚಂದಮ್ಮ ಹೇಳಿದಳು: "ಏಳೆಂಟು ಮಂದಿ ತುಂಬೋತನ ಬಿಡಲ್ರಿ ಅವ್ರು. ಒತ್ತಿ ಕುಂದ್ರಸ್ತಾರ. ಒಮ್ಮಿ ಒಳಗ ವಾಂತಿ ಆತು. ಆವತ್ತಿಂದ ನಮಗ ನೋಡಿದ್ರ ನಿಂದರಸದೇ ಹೋಗ್ತಾರ."

ಮೊದಲ ಮುನ್ನೂರು ಮೀಟರ್ ಬಟ್ಟೆ ಬೀದಿ. ಆಮೇಲೆ ಗೋದಾಮುಗಳ ಗೋಡೆ, ತೊಗರಿಬೇಳೆ ಗಿರಣಿ, ಲಾರಿಗಳ ಸಾಲು. ಕಾಲುದಾರಿ ಇಲ್ಲ, ನೆರಳಿಲ್ಲ. ಮಾಳಪ್ಪ ಐದು ಕಡೆ ಕೂತ. ಕೂತಾಗಲೆಲ್ಲ ನಮಗೆ ತೊಂದರೆಯಾಯಿತೆಂದು ಅವನಿಗೆ ಸಂಕೋಚ.

"ಕುಂಟೋ ಕುರಿ ಒಂದಿದ್ರ ಇಡೀ ಹಿಂಡು ನಿಂದರಸ್ತೀವ್ರಿ ನಾವು. ಇವತ್ತು ನಾನೇ ಆ ಕುರಿ ಆಗೀನಿ," ಎಂದು ಉಸಿರು ಕಟ್ಟಿದರೂ ತಮಾಷೆ ಮಾಡಿದ. ಖಾಜಾಮಿಯಾ ಅವನ ಇನ್ನೊಂದು ತೋಳಿಗೆ ಹೆಗಲು ಕೊಟ್ಟರು. ಚಕ್ರ ನಾನೇ ತಳ್ಳಿದೆ.

ಚಕ್ರ ಸಾವಿರದ ಮುನ್ನೂರ ಐವತ್ತು ಮೀಟರ್ ತೋರಿಸಿತು. ನಾನೊಬ್ಬನೇ ನಡೆದರೆ ಹದಿನಾರು ನಿಮಿಷ. ಅವನಿಗೆ ನಲವತ್ತೊಂದು ನಿಮಿಷ ಹಿಡಿಯಿತು. ನಾವು ತಲುಪುವಷ್ಟರಲ್ಲಿ ಬಸ್ಸು ಹೋಗಿತ್ತು. ಮುಂದಿನದು ಐದು ಗಂಟೆಗೆ. ನಿಲ್ದಾಣದ ಬೆಂಚಿನ ಮೇಲೆ ಅವನನ್ನು ಮಲಗಿಸಿ ಚಂದಮ್ಮ ಸೆರಗಿನಿಂದ ಗಾಳಿ ಹಾಕತೊಡಗಿದಳು. ಆಗ ನನಗೆ ತಡೆಯಲಾಗಲಿಲ್ಲ.

"ಯವ್ವಾ, ನಿನ್ನಿ ನೀ ಹೆಸರು ಕೇಳಿದಿ. ಅದ್ರಾಗ ಒಂದು ಹೆಸರು ನಂದೇ. ಬಸ್ಸಿಗಿ ಬ್ಯಾರೆ ಜಾಗಾ ಅದ ಅಂತ ಬರದಾಂವ ನಾನು. ಬಂದು ನೋಡಲಿಲ್ಲ. ನೋಡದೇ ಬರದೆ."

ಅವಳ ಕೈ ನಿಂತಿತು. ನನ್ನ ಕಡೆ ತಿರುಗಿದಳು. "ಸಾಲಿ ಕಲ್ತವ್ರು ನೋಡದೇ ಬರೀತಾರ್ರಿ?" ಎಂದಳು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದಂತೆ ಕೇಳಿದಳು. ಅದೇ ಹೆಚ್ಚು ಚುಚ್ಚಿತು.

ಬೆಂಚಿನ ಮೇಲಿಂದ ಮಾಳಪ್ಪ ಕಣ್ಣು ತೆರೆಯದೆ ಹೇಳಿದ: "ಬಿಡು ಅತ್ಲಾಗ. ಬರದವ್ರೇ ಬಂದಾರ. ಅವ್ರಿಗಿ ತಿದ್ದಾಕೂ ಬರ್ತದ."

ಕಚೇರಿಗೆ ಬಂದು ಕಮಿಷನರ್ ಮುಂದೆ ನಿಂತೆ. ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು, ಮನುಷ್ಯ ಒಳ್ಳೆಯವರು. ಒಮ್ಮೆ ಪಾಸಾದ ಠರಾವನ್ನು ತಿದ್ದಬೇಕಾದರೆ ಹೊಸದಾಗಿ ನೋಟ್ ಇಟ್ಟು ಸದಸ್ಯರನ್ನು ಒಪ್ಪಿಸಬೇಕು. ಎಲ್ಲ ಕೇಳಿ ತೆಲುಗಿನಲ್ಲಿ ಅವರು ಹೇಳಿದ್ದು ಇಷ್ಟು: "ಶರಣಪ್ಪ ಗಾರು, ನಿಮಗೆ ಇನ್ನು ಐದು ತಿಂಗಳಿದೆ. ಸಾರ್ವಜನಿಕರ ಅಹವಾಲು ಬಂದಿದೆ ಎಂದು ಬರೆಯಿರಿ, ಸಾಕು. 'ನನ್ನ ವರದಿ ತಪ್ಪು' ಎಂದು ನೀವೇ ಬರೆದರೆ ನಾನು ವಿವರಣೆ ಕೇಳಿ ಮೆಮೊ ಕೊಡಬೇಕಾಗುತ್ತದೆ. ಪಿಂಚಣಿ ಕಾಗದ ಹೋಗುವ ಹೊತ್ತಿನಲ್ಲಿ ಮೆಮೊ ಬೇಕೇ ನಿಮಗೆ?"

ನನಗೂ ಬೇಕಿರಲಿಲ್ಲ. ಆ ರಾತ್ರಿಯಿಡೀ ಅವರು ಹೇಳಿದಂತೆಯೇ ಬರೆಯೋಣ ಎಂದುಕೊಂಡೆ. ಆದರೆ ಮರುದಿನ ಕರಡು ಬರೆಯಲು ಕೂತಾಗ ಸಂಗತಿ ಸ್ಪಷ್ಟವಾಯಿತು. ಅಹವಾಲು ಬಂದಿದೆ ಎಂದು ಬರೆದರೆ ಸಭೆಯಲ್ಲಿ ಯಾರಾದರೂ ಹಳೆಯ ವರದಿ ತೆಗೆದು, ಸೂಕ್ತ ಪರ್ಯಾಯ ವ್ಯವಸ್ಥೆ ಇದೆಯಲ್ಲ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ನನ್ನ ಹೊಸ ನೋಟನ್ನು ನನ್ನದೇ ಹಳೆಯ ವಾಕ್ಯ ಹೊಡೆದು ಹಾಕುತ್ತಿತ್ತು. ಆ ವಾಕ್ಯ ತಪ್ಪು ಎಂದು ಹೇಳದೆ ಬೇರೆ ದಾರಿ ಇರಲಿಲ್ಲ. ಖಾಜಾಮಿಯಾಗೆ ವಿಷಯ ಹೇಳಿದೆ.

"ಸಾಬ್, ಇಷ್ಟ್ ವರ್ಸ ಟೇಪ್ ಬಿಗಿ ಹಿಡಿ, ಬಿಗಿ ಹಿಡಿ ಅಂತ ನನಗ ಬೈದೀರಿ," ಎಂದರು. "ಈಗ ನಿಮ್ಮ ತುದಿ ನೀವು ಹಿಡೀರಿ."

ಬರೆದೆ. "ನನ್ನ ಹಿಂದಿನ ವರದಿಯಲ್ಲಿ ಬಸ್ಸುಗಳ ಕುರಿತ ವಾಕ್ಯವನ್ನು ನಾನು ಸ್ಥಳ ಪರಿಶೀಲಿಸದೆ ಬರೆದಿದ್ದೇನೆ. ಅದು ತಪ್ಪು." ಕೆಳಗೆ ಸಹಿ ಹಾಕಿದೆ.

ಆಮೇಲೆ ಸಂತೆಯ ದಿನ ನಾವಿಬ್ಬರೂ ಮತ್ತೆ ಎಣಿಸಿದೆವು. ಈ ಸಲ ವಾಹನವನ್ನಲ್ಲ, ಮನುಷ್ಯರನ್ನು. ನಾನು ಅಡ್ಡಾದಲ್ಲಿ, ಖಾಜಾಮಿಯಾ ಬೈಪಾಸಿನಲ್ಲಿ. ಇಡೀ ದಿನ ಅಡ್ಡಾದ ಕಾರುಗಳಿಂದ ಇಳಿದವರು ಐವತ್ತೆಂಟು ಜನ. ಆ ಒಂದು ಬಸ್ಸಿನ ನಾಲ್ಕು ಸರದಿಯಲ್ಲಿ ಇಳಿದವರು ಇನ್ನೂರ ಹನ್ನೊಂದು. ಎಲ್ಲಿಗೆ ಹೊರಟಿರಿ ಎಂದು ಖಾಜಾಮಿಯಾ ಒಬ್ಬೊಬ್ಬರನ್ನೂ ಕೇಳಿದ್ದರು. ಅರ್ಧಕ್ಕಿಂತ ಹೆಚ್ಚು ಜನ ಬಟ್ಟೆ ಬೀದಿಯ ಹೆಸರು ಹೇಳಿದ್ದರು.

ಕೌನ್ಸಿಲ್ ಸಭೆಯಲ್ಲಿ ನನ್ನ ನೋಟ್ ಓದಿದಾಗ ನಾಗಶೆಟ್ಟಿಯವರ ಮುಖ ಕೆಂಪಾಯಿತು. ಎದ್ದು ನಿಂತು ಕೇಳಿದರು: "ದಿನಕ್ಕ ನಾಕು ಸಲ ಬರೋ ಬಸ್ಸಿಗಿ ದಿನಾ ಪೂರಾ ಜಾಗಾ ಖಾಲಿ ಇಡಬೇಕೇನ್ರಿ? ಆರು ವರ್ಷ ತಿರುಗಿ ತಂದ ಕೆಲಸ ಇದು. ಆವತ್ತು ಪೇಡಾ ತಿಂದ್ರಿ, ಇವತ್ತು ತಪ್ಪಾತು ಅಂತೀರಿ!"

ಅಧ್ಯಕ್ಷೆ ನನ್ನ ಕಡೆ ನೋಡಿದರು. ನಾನು ಎಣಿಕೆಯ ಹಾಳೆ ಓದಿದೆ. ಐವತ್ತೆಂಟು, ಇನ್ನೂರ ಹನ್ನೊಂದು. ಬಟ್ಟೆ ಬೀದಿಗೆ ಹೊರಟವರ ಸಂಖ್ಯೆಯನ್ನೂ ಓದಿದೆ. ಆಮೇಲೆ ಮಾಳಪ್ಪನ ನಲವತ್ತೊಂದು ನಿಮಿಷದ ಬಗ್ಗೆ ಹೇಳಿದೆ. ನಾಗಶೆಟ್ಟಿಯವರು ಕೂರಲಿಲ್ಲ. ಆದರೆ ದನಿ ಬೇರೆಯಾಗಿತ್ತು.

"ಯಾ ಮಾಳಪ್ಪ ಅಂವ? ಕುರಿ ಮಾಳಪ್ಪನಾ? ಮಕ್ಕಳ ಮದವಿಗಿ ಬಟ್ಟಿ ನಮ್ಮ ಅಂಗಡ್ಯಾಗೇ ಒಯ್ದಾನ," ಎಂದರು. ಆಮೇಲೆ, "ಅದು ಇರಲಿ. ಕಾಗದದ ಲೆಕ್ಕ ಬ್ಯಾಡ. ಹೋದ ಸಲಾನೂ ಕಾಗದ ನಂಬಿ ಕೈ ಎತ್ತೀವಿ. ಬಸ್ ತರಸ್ರಿ. ನಮ್ಮ ಕಣ್ಣ ಮುಂದ ತಿರಗಸ್ರಿ. ಕಾರೂ ಇರಬೇಕು, ಬಸ್ಸೂ ತಿರಗಬೇಕು. ಹ್ಯಾಂಗ ಆಗ್ತದ ನೋಡೋಣು," ಎಂದರು.

ಅದು ನನ್ನ ಮೇಲಿನ ಅಪನಂಬಿಕೆಯ ಮಾತು, ನ್ಯಾಯವಾದ ಮಾತೂ ಹೌದು.

ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಡಿಪೋದವರು ಒಂದು ಖಾಲಿ ಬಸ್ಸು ಕಳಿಸಿಕೊಟ್ಟರು. ಓಡಿಸಲು ಬಂದವರು ಅದೇ ರೂಟಿನ ಡ್ರೈವರ್ ಅಂಜಯ್ಯ. ಒಂದು ಸಾಲಿನ ಕಾರು ತೆಗೆದರೆ ಎಷ್ಟು ಜಾಗ ಸಿಗುತ್ತದೆಂದು ಖಾಜಾಮಿಯಾ ಸುಣ್ಣದ ಪುಡಿಯಲ್ಲಿ ಗೆರೆ ಎಳೆದರು. ಹನ್ನೊಂದು ಜನ ಸದಸ್ಯರು, ಅಧ್ಯಕ್ಷೆ, ಚಹಾದವರು, ಆಸ್ಪತ್ರೆಯ ದಾದಿಯರು, ಎಲ್ಲರೂ ಗೋಡೆಗೆ ಒರಗಿ ನಿಂತರು. ಜಾತ್ರೆಯಂತೇ ಆಗಿತ್ತು.

ಮೊದಲು ಎರಡೂ ಸಾಲು ಕಾರು ಇದ್ದಂತೆ ಲೆಕ್ಕ ಹಿಡಿದು ಹತ್ತೊಂಬತ್ತು ಮೀಟರಿನಲ್ಲಿ ತಿರುಗಿಸಿದರು. ಬಸ್ಸು ಮೂರು ಸಲ ಹಿಂದೆ ಬಂದು ಮುಂದೆ ಹೋದರೂ ಮೂತಿ ಸಿಕ್ಕಿಕೊಂಡಿತು. ಜನ ತುಂಬಿದ ದಿನ ಹಾಗೆ ಹಿಂದೆ ಬಂದರೆ ಏನಾಗುತ್ತದೆಂದು ಯಾರೂ ಹೇಳಬೇಕಾಗಿರಲಿಲ್ಲ. ಆಮೇಲೆ ಒಂದು ಸಾಲು ಬಿಟ್ಟು ಇಪ್ಪತ್ನಾಲ್ಕು ಮೀಟರಿನಲ್ಲಿ. ಅಂಜಯ್ಯ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹಿಡಿದರು. ಬಸ್ಸು ಹಿಂದಿನಂತೆಯೇ, ಅದೇ ಹಳೆಯ ದೊಡ್ಡ ಸುತ್ತಿನಲ್ಲಿ, ಒಂದೇ ಬೀಸಿಗೆ ತಿರುಗಿತು. ಗೋಡೆಯ ಹತ್ತಿರ ನಿಂತಿದ್ದ ಚಹಾದವರು ಚಪ್ಪಾಳೆ ಹೊಡೆದರು. ನನ್ನ ಕಣ್ಣು ಒದ್ದೆಯಾಗಿತ್ತು. ಧೂಳು ಎಂದು ಒರೆಸಿಕೊಂಡೆ.

ನಾಗಶೆಟ್ಟಿಯವರು ಪಂಚೆ ಎತ್ತಿ ಕಟ್ಟಿ ಬಡಗಣ ಮೂಲೆಗೆ ಹೋದರು. ಹಿಂದಿನ ಚಕ್ರ ಅಲ್ಲಿ ಸುಣ್ಣದ ಗೆರೆ ದಾಟಿತ್ತು. ಬಗ್ಗಿ ಬೆರಳಲ್ಲಿ ಅದನ್ನು ಮುಟ್ಟಿ ನೋಡಿ ನನ್ನನ್ನು ಕರೆದರು. "ಇಲ್ಲಿ ಮೂರು ಕಾರ್ ತಗೀರಿ, ಶರಣಪ್ಪನವ್ರ. ಇಲ್ದಿದ್ರ ಮಳಿಗಾಲದಾಗ ಯಾರದಾರ ಕಾರಿಗಿ ಹತ್ತೇ ಹತ್ತತದ."

ಅಂಜಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರಿಗೂ ಕೇಳುವಂತೆ ಹೇಳಿದರು: "ಸಾರ್, ನನಗ ಮೊದಲೇ ಕೇಳಿದ್ರ ಒಂದು ಚಾ ಕುಡಿಯೋದ್ರಾಗ ಹೇಳ್ತಿದ್ದೆ!" ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವುದು ಬಿಟ್ಟು ಬೇರೇನು ಮಾಡಲಿ?

ಕೊನೆಗೆ ಹದಿಮೂರು ಕಾರುಗಳಿಗೆ ಜಾಗ ಉಳಿಯಿತು. ಪಾರ್ಕಿಂಗಿಗೆ ಇಟ್ಟ ಹಣದಲ್ಲಿ ಖರ್ಚಾಗದೆ ಉಳಿದದ್ದರಲ್ಲಿ ಬಸ್ಸಿಗೆ ಕಾಯುವವರಿಗೊಂದು ತಗಡಿನ ಚಾವಣಿ, ಫರ್ಸಿ ಕಲ್ಲಿನ ಬೆಂಚು. ಇಬ್ಬರು ಸದಸ್ಯರು ಒಪ್ಪಲಿಲ್ಲ, ಉಳಿದವರು ಕೈ ಎತ್ತಿದರು. ಬಟ್ಟೆ ಬೀದಿಯ ಕಾರಿನ ತೊಂದರೆ ಪೂರ್ತಿ ತೀರಲಿಲ್ಲ. ಇಂದಿಗೂ ತೀರಿಲ್ಲ ಎಂದು ಕೇಳಿದ್ದೇನೆ. ನಾಗಶೆಟ್ಟಿಯವರು ಆಮೇಲೆ ನನ್ನ ಹತ್ತಿರ ಮೊದಲಿನಷ್ಟು ಸಲಿಗೆಯಿಂದ ಮಾತಾಡಲಿಲ್ಲ. ಆದರೆ ಬಸ್ಸು ತಿರುಗುವ ಜಾಗದಲ್ಲಿ ಯಾರಾದರೂ ಕಾರು ನಿಲ್ಲಿಸಿದರೆ ಅಂಗಡಿಯಿಂದ ಎದ್ದು ಬಂದು ಬೈದು ತೆಗೆಸುತ್ತಿದ್ದವರು ಅವರೇ.

ಬಸ್ಸು ಮತ್ತೆ ಬಂದದ್ದು ಶ್ರಾವಣದ ಒಂದು ಮಂಗಳವಾರ. ಕಿಟಕಿಯಲ್ಲಿ ನಿಂತು ನೋಡಿದೆ. ಒಂದೂವರೆಗೆ ಮಾಳಪ್ಪ ಹೆಂಡತಿಯ ಜೊತೆ ಆಸ್ಪತ್ರೆಯ ಗೇಟು ದಾಟಿ ಬಂದ. ಇಪ್ಪತ್ತು ಹೆಜ್ಜೆ ಇರಬಹುದು. ಕಂಡಕ್ಟರ್ ಕೈ ಕೊಟ್ಟು ಹತ್ತಿಸಿಕೊಂಡರು. ಅವನಿಗೆ ನಾನು ಕಂಡೆನೋ ಇಲ್ಲವೋ ತಿಳಿಯದು.

ಮೆಮೊ ಬಂತು. ಬರಲೇಬೇಕಿತ್ತು. ಸ್ಥಳ ಪರಿಶೀಲಿಸದೆ ವರದಿ ಕೊಟ್ಟದ್ದಕ್ಕೆ ವಿವರಣೆ ಕೇಳಿದ್ದರು. ವಿವರಣೆಯಲ್ಲಿ ಮುಚ್ಚಿಡುವುದೇನೂ ಉಳಿದಿರಲಿಲ್ಲವಾದ್ದರಿಂದ ನಾಲ್ಕೇ ಸಾಲು ಬರೆದೆ. ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೂ ಆ ಕಾಗದ ಮೇಜಿನಿಂದ ಮೇಜಿಗೆ ಸುತ್ತಿ ನನ್ನ ಪಿಂಚಣಿ ಐದು ತಿಂಗಳು ತಡವಾಯಿತು. ಮನೆಯಲ್ಲಿ ಆ ಐದು ತಿಂಗಳು ಸುಲಭವಾಗಿರಲಿಲ್ಲ.

ನಿವೃತ್ತಿಗೆ ಇನ್ನು ಹತ್ತು ಹನ್ನೆರಡು ದಿನ ಇದ್ದಾಗ, ಚಳಿಯ ಒಂದು ಬೆಳಿಗ್ಗೆ ಚಂದಮ್ಮ ಬಂದಳು. ಈ ಸಲ ಒಬ್ಬಳೇ. ಹಣೆ ನೋಡಿದಾಗಲೇ ನನಗೆ ತಿಳಿಯಿತು. ಕುರ್ಚಿ ತೋರಿಸಿದೆ, ಕೂರಲಿಲ್ಲ.

"ಹೋದ ಐತಾರ ಹೋದ್ರು ರೀ ಸಾಹೇಬ್ರ," ಎಂದಳು. "ಮನ್ಯಾಗ ಹೋದ್ರು, ಮಂದಿ ಎಲ್ಲಾ ಸುತ್ತ ಇದ್ರು. ರಸ್ತಾದಾಗ ಹೋಗ್ತಾರೇನೋ ಅಂತ ನನಗ ದಿಗಿಲಿತ್ತು. ಹಂಗ ಆಗಲಿಲ್ಲ. ಅಷ್ಟು ಹೇಳಿ ಹೋಗಾಕ ಬಂದೆ."

ಖಾಜಾಮಿಯಾ ನೀರು ತಂದುಕೊಟ್ಟರು. ಅವಳು ಕುಡಿದು, ಲೋಟ ಬೋರಲು ಹಾಕಿ, ಬಸ್ಸಿನ ಹೊತ್ತಾಯಿತು ಎಂದು ಹೋದಳು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಕ್ಷೆ ಬರೆದವನು ನಾನು. ಈ ಪ್ರಕರಣ ಬಿಟ್ಟರೆ ನನ್ನ ಮೇಲೆ ಒಂದೂ ಮೆಮೊ ಇರಲಿಲ್ಲ. ಅಂದರೆ ಉಳಿದ ನಕ್ಷೆಗಳೆಲ್ಲ ಸರಿಯಿದ್ದವು ಎಂದಲ್ಲ, ಅವುಗಳ ತಪ್ಪನ್ನು ಯಾರೂ ನನಗೆ ಬಂದು ಹೇಳಲಿಲ್ಲ ಅಷ್ಟೆ ಎಂದು ಈಗ ಅನಿಸುತ್ತದೆ. ನಕ್ಷೆಯ ತಪ್ಪು ಗೊತ್ತಾಗುವುದು ಇಬ್ಬರಿಗೇ. ಒಬ್ಬ ಅದನ್ನು ಬರೆದವನು, ಇನ್ನೊಬ್ಬ ಅದರ ಮೇಲೆ ನಡೆಯುವವನು. ನಡೆಯುವವನಿಗೆ ನೋವು ಗೊತ್ತು, ನಕ್ಷೆ ಓದಲು ಬರುವುದಿಲ್ಲ. ಬರೆದವನಿಗೆ ನಕ್ಷೆ ಗೊತ್ತು, ಅವನು ಕುರ್ಚಿ ಬಿಟ್ಟು ಏಳದಿದ್ದರೆ ನೋವು ಕಾಣುವುದಿಲ್ಲ. ಏಳಬೇಕಾದವನು ಯಾರು ಎಂಬುದರಲ್ಲಿ ನನಗೆ ಈಗ ಅನುಮಾನವಿಲ್ಲ.